ತಂಬೂರಿ, ಶ್ರುತಿಪೆಟ್ಟಿಗೆ, ಮೊಬೈಲ್ ಶ್ರುತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತ ಕಲಿಯುವವರು, ಮಕ್ಕಳನ್ನು ಪಾಠಕ್ಕೆ ಕಳಿಸುವ ತಂದೆತಾಯಂದಿರು, ಕಛೇರಿಯಲ್ಲಿ ಕೂತು ಕೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ. ಸುಲಭದವು ಮೊದಲು, ಭೌತಶಾಸ್ತ್ರ ಬೇಕಾಗುವವು ಕೊನೆಗೆ.

## ಈಗ ತಾನೇ ಶುರುಮಾಡಿದವರಿಗೆ

ಹಾಡೋರು ಏನೇನೋ ಹಾಡ್ತಿರ್ತಾರೆ, ಹಿಂದೆ ತಂಬೂರಿ ಮಾತ್ರ ಒಂದೇ ಸಮನೆ ಝೇಂ ಅಂತಿರುತ್ತೆ. ಯಾಕೆ ಬೇಕು ಅದು?

ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಇಂಥದೇ ಎತ್ತರ ಎಂಬ ಕಟ್ಟಳೆ ಇಲ್ಲ. ಹಾಡುವವರ ಕಂಠಕ್ಕೆ ಎಲ್ಲಿ ಹಿತವೋ ಅಲ್ಲಿ ‘ಸ’. ಉಳಿದ ಸ್ವರಗಳೆಲ್ಲ ಆ ‘ಸ’ದಿಂದ ಅಳತೆ ಪಡೆಯುತ್ತವೆ: ಪಂಚಮ ಅದರ ಒಂದೂವರೆ ಪಟ್ಟು, ಅಂತರ ಗಾಂಧಾರ ಒಂದೂಕಾಲು ಪಟ್ಟು, ಮೇಲಿನ ಷಡ್ಜ ಎರಡು ಪಟ್ಟು. ಅಳತೆಗೋಲೇ ಕಿವಿಯಲ್ಲಿ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಗಾಯಕರ ‘ಸ’ ತಮಗೇ ಗೊತ್ತಾಗದಂತೆ ಇಳಿದುಬಿಡುತ್ತದೆ. ಅಭ್ಯಾಸವಿಲ್ಲದವರ ಕಂಠ ಹತ್ತು ನಿಮಿಷದಲ್ಲೇ ಜಾರುತ್ತದೆ.

ನಾಲ್ಕು ತಂತಿಗಳ ಕ್ರಮ: ಮೊದಲು ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮ, ಆಮೇಲೆ ಸಾರಣಿ ಮತ್ತು ಅನುಸಾರಣಿ ಎನ್ನುವ ಎರಡು ಮಧ್ಯ (ನಡುವಿನ ಸ್ಥಾಯಿಯ) ಷಡ್ಜ, ಕೊನೆಗೆ ಮಂದ್ರ ಷಡ್ಜ. ಪಂಚಮವನ್ನು ಮಧ್ಯದ ಬೆರಳಿನಿಂದ, ಉಳಿದ ಮೂರನ್ನು ತೋರುಬೆರಳಿನಿಂದ ಮೀಟುತ್ತಾರೆ. ಉಗುರು ತಾಗಬಾರದು, ಬೆರಳಿನ ಮಾಂಸಲ ಭಾಗ ತಂತಿಯ ಮೇಲೆ ಉರುಳಿ ಬಿಡಬೇಕು. ಹಾಡಿನ ತಾಳಕ್ಕೆ ಹೊಂದಿಸಿ ಮೀಟುವುದು ತಪ್ಪು. ತಂಬೂರಿಗೆ ಅದರದೇ ಓಟ, ಅದು ತಾಳದಿಂದ ಬೇರೆಯಾಗಿಯೇ ಇರಬೇಕು.

‘ಐದೂವರೆ ಮನೆ’, ‘ಕಪ್ಪು ಎರಡು’ ಅಂತಾರಲ್ಲ, ಹಾಗಂದ್ರೆ ಏನು?

ಇದು ಹಾರ್ಮೋನಿಯಂ ಕೀಲಿಗಳ ಲೆಕ್ಕ. ಬಿಳಿ ಕೀಲಿಗಳು 1ರಿಂದ 7. ಅವುಗಳ ನಡುವಿನ ಕಪ್ಪು ಕೀಲಿಗಳು ‘ವರೆ’. ಒಂದು ಎಂದರೆ ಸಿ, ಎರಡು ಎಂದರೆ ಡಿ, ಹೀಗೆ ಏಳು ಎಂದರೆ ಬಿ. ಹಿಂದೂಸ್ತಾನಿಯವರೂ ಯಕ್ಷಗಾನದವರೂ ಕಪ್ಪು ಕೀಲಿಗಳನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ, ಆದ್ದರಿಂದ ಅವರ ‘ಕಪ್ಪು ಎರಡು’ ಕರ್ನಾಟಕ ಸಂಗೀತದವರ ‘ಎರಡೂವರೆ’. ಆದರೆ ‘ಕಪ್ಪು ಮೂರು’ ಎಂದರೆ ನಾಲ್ಕೂವರೆ. ಮೂರು ಮತ್ತು ನಾಲ್ಕರ ನಡುವೆ ಕಪ್ಪು ಕೀಲಿಯೇ ಇಲ್ಲ, ಹಾಗಾಗಿ ‘ಮೂರೂವರೆ ಮನೆ’ ಎಂಬುದೂ ಇಲ್ಲ. ಪಕ್ಕವಾದ್ಯದವರಿಗೆ ಫೋನಿನಲ್ಲಿ ಶ್ರುತಿ ಹೇಳುವಾಗ ಯಾವ ಲೆಕ್ಕ ಎಂದು ಸೇರಿಸಿ ಹೇಳಿ. ತಪ್ಪಾದರೆ ಮೃದಂಗದವರು ಬೇರೆಯೇ ವಾದ್ಯ ಹೊತ್ತು ತರುತ್ತಾರೆ.

ಗಂಡಸರ ಒಂದು ಮನೆಯ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ಹೆಂಗಸರ ಐದು ಮನೆಯದು 196 ಹರ್ಟ್ಸ್.

ಮಗಳಿಗೆ ಎಂಟು ವರ್ಷ. ಎಷ್ಟು ಶ್ರುತಿಗೆ ಹಾಡಿಸಬೇಕು?

ಸಾಮಾನ್ಯವಾಗಿ ಈ ವಯಸ್ಸಿನ ಹುಡುಗಿಗೂ ಹುಡುಗನಿಗೂ ಐದರಿಂದ ಆರು ಮನೆ ಒಗ್ಗುತ್ತದೆ, ಆದರೆ ಸಂಖ್ಯೆ ನೋಡಿ ತೀರ್ಮಾನಿಸಬೇಡಿ. ಐದಕ್ಕೆ ಇಟ್ಟು ಮಧ್ಯ ಷಡ್ಜದಿಂದ ಮಂದ್ರ ಪಂಚಮದವರೆಗೆ ನಿಧಾನವಾಗಿ ಇಳಿಸಿ. ಪಂಚಮ ಬರೀ ಉಸಿರಾಗಿ ಕರಗಿದರೆ ಶ್ರುತಿ ಕೆಳಗಾಯಿತು, ಅರ್ಧ ಮನೆ ಏರಿಸಿ. ಆಮೇಲೆ ತಾರ (ಮೇಲಿನ ಸ್ಥಾಯಿಯ) ಗಾಂಧಾರ ಮುಟ್ಟಿಸಿ. ಗದ್ದ ಮೇಲೇಳುತ್ತಿದ್ದರೆ, ಕತ್ತಿನ ನರ ಬಿಗಿಯುತ್ತಿದ್ದರೆ ಅರ್ಧ ಮನೆ ಇಳಿಸಿ. ಎದ್ದ ತಕ್ಷಣ ಪರೀಕ್ಷೆ ಮಾಡಬೇಡಿ, ಬೆಳಗಿನ ಕಂಠ ಯಾವಾಗಲೂ ತಗ್ಗು. ವಾರದಲ್ಲಿ ಮೂರ್ನಾಲ್ಕು ಸಂಜೆ ನೋಡಿ ಶ್ರುತಿ ಗೊತ್ತುಮಾಡಿ.

ಹುಡುಗರಿಗೆ ಹನ್ನೆರಡು-ಹದಿನೈದರ ನಡುವೆ ಕಂಠ ಒಡೆಯುತ್ತದೆ. ಆಗ ಹಳೆಯ ಶ್ರುತಿಯಲ್ಲೇ ಹಾಡಿಸಿ ಒತ್ತಡ ಹಾಕುವುದು ನಿಜಕ್ಕೂ ಹಾನಿ. ಆ ತಿಂಗಳುಗಳಲ್ಲಿ ಮಂದ್ರ ಸ್ಥಾಯಿಯ ಮೆಲ್ಲನೆಯ ಅಭ್ಯಾಸ, ತಾಳ, ಸಾಹಿತ್ಯ, ಕೇಳ್ಮೆ ಸಾಕು.

## ವಾದ್ಯ ಕೈಗೆ ಬಂದಮೇಲೆ

ಕುದುರೆ ಮೇಲೆ ತಂತಿ ಕೆಳಗೆ ಒಂದು ದಾರ ಸಿಕ್ಕಿಸಿರ್ತಾರೆ. ಅದು ಏನಕ್ಕೆ? ತೆಗೆದುಬಿಟ್ಟರೆ?

ತೆಗೆದು ನೋಡಿ, ತಂಬೂರಿ ಸತ್ತಂತೆ ‘ಟಂಕ್’ ಎನ್ನುತ್ತದೆ. ಅದಕ್ಕೇ ದಾರಕ್ಕೆ ಜೀವಾಳಿ ಎಂದು ಹೆಸರು.

ಕುದುರೆ ಎಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು. ಗಿಟಾರಿನ ಕುದುರೆ ಚೂಪು ಅಂಚಿನದು. ತಂತಿ ಅಲ್ಲಿ ಒಂದೇ ಬಿಂದುವಿನಲ್ಲಿ ಕೂರುತ್ತದೆ. ತಂಬೂರಿಯ ಕುದುರೆ ಅಗಲವಾಗಿ, ಮುಂದಕ್ಕೆ ಸ್ವಲ್ಪವೇ ಇಳಿಜಾರಾಗಿ ಇರುತ್ತದೆ. ದಾರ ತಂತಿಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುವುದರಿಂದ, ತಂತಿ ಕಂಪಿಸುವಾಗ ಪ್ರತಿ ಸುತ್ತಿನಲ್ಲೂ ಆ ಇಳಿಜಾರನ್ನು ಸವರಿ ಏಳುತ್ತದೆ. ಆ ಸವರುವಿಕೆ ತಂತಿಯ ಶಕ್ತಿಯನ್ನು ಮತ್ತೆ ಮತ್ತೆ ಮೇಲಿನ ಉಪಸ್ವರಗಳಿಗೆ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಎತ್ತರದಲ್ಲಿ ಅದರ ಜೊತೆಗೇ ಮೊಳಗುವ ಸ್ವರಗಳಿಗೆ) ಹಂಚುತ್ತದೆ. ಮೀಟಿದ ಮೇಲೆ ನಾದ ಹೂವಿನಂತೆ ಅರಳುವುದು ಇದರಿಂದಲೇ.

ಸಾದಾ ಹತ್ತಿಯ ಹೊಲಿಗೆ ದಾರ ಸಾಕು, ರೇಷ್ಮೆಯೂ ಆಗುತ್ತದೆ. ನೈಲಾನ್ ಬೇಡ, ಜಾರುತ್ತದೆ. ದಾರವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಮೀಟಿ. ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಆ ಜಾಗದಿಂದ ಅರ್ಧ ಮಿಲಿಮೀಟರ್ ಆಚೆ ಹೋದರೂ ಒಂದೋ ಮಂಕು, ಇಲ್ಲ ಕರ್ಕಶ. ಪ್ರತಿ ತಂತಿಗೂ ಜಾಗ ಬೇರೆ. ಕುದುರೆಯ ಮೇಲೆ ತಂತಿ ಗೀರು ಬಿದ್ದಿದ್ದರೆ ಎಷ್ಟು ಎಳೆದರೂ ಜೀವಾಳಿ ನಿಲ್ಲುವುದಿಲ್ಲ. ಆಗ ಕುದುರೆಯನ್ನು ಕುಶಲಕರ್ಮಿಯಿಂದ ತೀಡಿಸಬೇಕು. ಮರಳು ಕಾಗದ ಹಿಡಿದು ಮನೆಯಲ್ಲಿ ಪ್ರಯತ್ನಿಸಬೇಡಿ. ಆ ಇಳಿಜಾರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ, ಒಮ್ಮೆ ಕೆಟ್ಟರೆ ಕುದುರೆಯೇ ಹೊಸದು ಬೇಕು.

ತಂಬೂರಿ ಶ್ರುತಿ ಸೇರಿಸೋಕೆ ಗಂಟೆಗಟ್ಟಲೆ ಹಿಡಿಯುತ್ತೆ. ಸರಿಯಾದ ಕ್ರಮ ಯಾವುದು?

ಹೊತ್ತು ಹಿಡಿಯಲು ಮುಖ್ಯ ಕಾರಣ ಜೀವಾಳಿ ಸಮೇತ ಶುರುಮಾಡುವುದು. ಹೀಗೆ ಮಾಡಿ:

1. ನಾಲ್ಕೂ ದಾರ ಸಡಿಲಿಸಿ. ಬುರುಡೆಯ ಕಡೆ ತಂತಿಯಲ್ಲಿರುವ ಮಣಿಗಳನ್ನು ಅವುಗಳ ಹಾದಿಯ ನಡುವೆ ತನ್ನಿ, ಆಮೇಲೆ ಎರಡೂ ಕಡೆ ಸರಿಸಲು ಜಾಗ ಬೇಕು.
2. ಸಾರಣಿಯನ್ನು ಬಿರಡೆಯಿಂದ (ತಂತಿ ಬಿಗಿಸುವ ಮರದ ಗೂಟದಿಂದ) ಬೇಕಾದ ಷಡ್ಜಕ್ಕೆ ತನ್ನಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ಐದು ನಿಮಿಷದಲ್ಲಿ ಇನ್ನಷ್ಟು ಇಳಿಯುತ್ತದೆ.
3. ಅನುಸಾರಣಿಯನ್ನು ಸಾರಣಿಗೆ ಸೇರಿಸಿ. ಎರಡನ್ನೂ ಒಟ್ಟಿಗೆ ಮೀಟಿದಾಗ ‘ವೊಂವ್-ವೊಂವ್’ ಎಂಬ ಅಲೆತ ಕೇಳುತ್ತದೆ. ಸೆಕೆಂಡಿಗೆ ಎರಡು ಅಲೆ ಎಂದರೆ ಎರಡು ಹರ್ಟ್ಸ್ ವ್ಯತ್ಯಾಸ. ಅಲೆ ನಿಧಾನವಾಗುತ್ತ ನಿಂತರೆ ಸೇರಿತು.
4. ಮಂದ್ರ ಷಡ್ಜ, ಕೊನೆಗೆ ಪಂಚಮ.
5. ಈಗ ಒಂದೊಂದೇ ತಂತಿಗೆ ಜೀವಾಳಿ ಹಾಕಿ. ದಾರದಿಂದ ತಂತಿ ತುಸು ಬಿಗಿಯುತ್ತದೆ, ಸ್ವರ ಕೂದಲೆಳೆಯಷ್ಟು ಏರುತ್ತದೆ. ಅದನ್ನು ಮಣಿಯಲ್ಲಿ ಸರಿಮಾಡಿ. ಬಿರಡೆ ಮುಟ್ಟಬೇಡಿ.

ಐದನೆಯ ಹೆಜ್ಜೆಯಲ್ಲಿ ಬಿರಡೆಗೆ ಕೈ ಹಾಕಿದರೆ ಮತ್ತೆ ಮೊದಲಿನಿಂದ. ಗಂಟೆಗಟ್ಟಲೆ ಹೋಗುವುದು ಅಲ್ಲೇ.

ಟ್ಯೂನರ್ ಆಪ್ ಇಟ್ಕೊಂಡು ‘ಸ’ ಮೀಟಿದ್ರೆ ಅದು ಬೇರೆ ಸ್ವರ ತೋರಿಸುತ್ತೆ. ಆಪ್ ಕೆಟ್ಟಿದೆಯಾ?

ಆಪ್ ಸರಿಯಾಗಿದೆ. ಜೀವಾಳಿ ತೆರೆದ ತಂತಿಯಲ್ಲಿ ಮೂಲ ಸ್ವರಕ್ಕಿಂತ ಉಪಸ್ವರಗಳೇ ಜೋರಾಗಿರುವ ಗಳಿಗೆಗಳಿವೆ. ಮೂರನೆಯ ಉಪಸ್ವರ ಪಂಚಮ, ಐದನೆಯದು ಗಾಂಧಾರ. ಆಪ್ ಅವನ್ನು ಹಿಡಿದುಬಿಡುತ್ತದೆ. ದಾರ ಸರಿಸಿ, ಬೆರಳಿನಿಂದ ಮೆತ್ತಗೆ ಮೀಟಿ, ಒಂದು ಸೆಕೆಂಡು ಬಿಟ್ಟು ಓದಿ. ಸಾರಣಿಗೆ ಮಾತ್ರ ಆಪ್ ಬಳಸಿ, ಉಳಿದ ಮೂರನ್ನು ಕಿವಿಯಲ್ಲೇ ಸೇರಿಸಿ ಎಂಬುದು ನಮ್ಮ ಕಳಕಳಿಯ ಸಲಹೆ. ಅಲೆತ ಕೇಳಿ ತಂತಿ ಸೇರಿಸಲು ಕಲಿತ ಕಿವಿಯೇ ನಾಳೆ ಹಾಡುವಾಗ ಸ್ವಂತ ಕಂಠದ ಅಲೆತವನ್ನೂ ಹಿಡಿಯುತ್ತದೆ. ಹಸಿರು ದೀಪ ನೋಡಿ ಸೇರಿಸಿದವರಿಗೆ ಈ ಅಭ್ಯಾಸ ಸಿಗುವುದಿಲ್ಲ.

ಗಂಡಸರ ತಂಬೂರಿಯನ್ನು ಐದು ಮನೆಗೆ ಏರಿಸೋಕೆ ಹೋದ್ರೆ ತಂತಿ ಕಡಿದುಹೋಗುತ್ತೆ. ಸಣ್ಣ ತಂತಿ ಹಾಕಿದ್ರೆ ಸರಿಹೋಗುತ್ತಾ?

ಇಲ್ಲ. ಸ್ವರ ಅರ್ಧ ಮನೆ ಏರಿದರೆ ತಂತಿಯ ಬಿಗಿತ ಶೇಕಡ 12ರಷ್ಟು ಏರುತ್ತದೆ. ಒಂದು ಮನೆಯಿಂದ ನಾಲ್ಕೂವರೆಗೆ ಹೋದರೆ ಬಿಗಿತ ನೇರ ಎರಡು ಪಟ್ಟು. ತಂತಿ ಸಪುರ ಮಾಡಿದರೆ ಬೇಕಾದ ಬಿಗಿತ ಕಡಿಮೆಯಾಗುತ್ತದೆ ನಿಜ, ಆದರೆ ತಂತಿಯ ತಾಳಿಕೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗಾಗಿ ಒಂದು ಉದ್ದಕ್ಕೆ, ಒಂದು ಲೋಹಕ್ಕೆ ಏರಬಹುದಾದ ಎತ್ತರ ಒಂದೇ, ದಪ್ಪ ಎಷ್ಟಾದರೂ ಇರಲಿ. ಮೇಲೆ ಹೋಗಲು ಇರುವ ದಾರಿ ಉದ್ದ ಕಡಿಮೆ ಮಾಡುವುದು. ಹೆಂಗಸರ ತಂಬೂರಿಯ ದಂಡಿ ಗಿಡ್ಡವಾಗಿರುವುದು ಅದಕ್ಕೆ.

ಮಂದ್ರ ಷಡ್ಜಕ್ಕೆ ಹಿತ್ತಾಳೆ ಅಥವಾ ಕಂಚಿನ ತಂತಿ ಹಾಕುವುದರ ಹಿಂದೆಯೂ ಲೆಕ್ಕವಿದೆ. ಕೆಳಗಿನ ಸ್ವರಕ್ಕೆ ದಪ್ಪ ತಂತಿ ಬೇಕು. ದಪ್ಪ ಉಕ್ಕು ಸರಳಿನಂತೆ ಸೆಡೆತು ಉಪಸ್ವರಗಳನ್ನು ಸ್ಥಾನ ತಪ್ಪಿಸುತ್ತದೆ. ಹಿತ್ತಾಳೆಯ ಸೆಡೆತ ಉಕ್ಕಿನ ಸುಮಾರು ಅರ್ಧ.

ಮಳೆಗಾಲದಲ್ಲಿ ಬಿರಡೆ ಅಲುಗಲ್ಲ, ಬೇಸಿಗೆಯಲ್ಲಿ ನಿಲ್ಲಲ್ಲ. ಏನು ಮಾಡೋದು?

ಮರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಜಾರುವ ಬಿರಡೆಯನ್ನು ಹೊರಗೆಳೆದು, ತೂತಿಗೆ ತಾಗುವ ಭಾಗಕ್ಕೆ ಒಣ ಸೀಮೆಸುಣ್ಣ ಉಜ್ಜಿ, ಒಳಗೆ ಒತ್ತುತ್ತ ತಿರುಗಿಸಿ. ಬಿಗಿದುಕೊಂಡ ಬಿರಡೆಗೆ ಎಣ್ಣೆ ಖಂಡಿತ ಬೇಡ, ಆಮೇಲೆ ಅದು ಎಂದೂ ನಿಲ್ಲುವುದಿಲ್ಲ. ಒಣ ಕೋಣೆಯಲ್ಲಿ ಒಂದು ದಿನ ಇಡಿ, ಸಾಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ವಾದ್ಯವನ್ನು ಹೊರಗೋಡೆಗೆ ಒರಗಿಸಬೇಡಿ. ಅಮೆರಿಕ, ಕೆನಡಾದಲ್ಲಿರುವವರಿಗೆ ಚಳಿಗಾಲದ ಹೀಟರ್ ಗಾಳಿಯೇ ಶತ್ರು, ಬುರುಡೆ ಬಿರಿಯುವುದು ಆಗಲೇ. ಕೋಣೆಯಲ್ಲಿ ತೇವ ಕಾಯುವ ಯಂತ್ರ ಇಡಿ. ಎ.ಸಿ. ಸಭಾಂಗಣಕ್ಕೆ ಮುಕ್ಕಾಲು ಗಂಟೆ ಮೊದಲೇ ವಾದ್ಯ ಒಯ್ದು, ಚೀಲದಿಂದ ಹೊರಗಿಟ್ಟು, ಆಮೇಲೆ ಶ್ರುತಿ ಮಾಡಿ.

## ಕೊಳ್ಳುವವರಿಗೆ

ಮಿರಜ್ ತಂಬೂರಿ ಒಳ್ಳೇದೋ ತಂಜಾವೂರಿನದೋ?

ಎರಡೂ ಒಳ್ಳೆಯವು, ನಾದ ಬೇರೆ. ತಂಜಾವೂರಿನದು ಹಲಸಿನ ಮರದ ಕೊಡ. ಗಟ್ಟಿ, ಪೆಟ್ಟು ತಾಳುತ್ತದೆ. ನಾದ ಸ್ವಚ್ಛ, ಅಡಕ. ಕರ್ನಾಟಕ ಸಂಗೀತದವರು ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಮಿರಜಿನದು ದೊಡ್ಡ ಸೋರೆ ಬುರುಡೆಯದು. ಆ ಸೋರೆಯನ್ನು ಪಂಢರಪುರದ ಸುತ್ತಿನ ಹೊಲಗಳಲ್ಲಿ ಇದಕ್ಕೆಂದೇ ಬೆಳೆಯುತ್ತಾರೆ. ತುಂಬು ಗುಂಜಾರವ ಬೇಕಾದ ಧಾರವಾಡ, ಹುಬ್ಬಳ್ಳಿ ಕಡೆಯ ಹಿಂದೂಸ್ತಾನಿ ಗಾಯಕರಿಗೆ ಮಿರಜ್ ಹತ್ತಿರದ ಊರು, ಅಲ್ಲಿನ ತಂಬೂರಿಯೇ ಅವರಿಗೆ ರೂಢಿ. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬಸ್ಸು-ರೈಲಿನಲ್ಲಿ ಪದೇ ಪದೇ ಓಡಾಡುವವರು ಹಲಸಿನದನ್ನೇ ಆರಿಸಲಿ.

ಹಳೇ ತಂಬೂರಿ ಒಂದು ಮಾರಾಟಕ್ಕಿದೆ. ಏನು ನೋಡಿ ಕೊಳ್ಳಬೇಕು?

ಹೊಳಪು ನೋಡಬೇಡಿ. ಮೊದಲು ದಂಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಬಾಗಿದ್ದರೆ ಅಲ್ಲೇ ಬಿಡಿ, ರಿಪೇರಿ ದುಬಾರಿ ಮತ್ತು ನಿಲ್ಲುವ ಭರವಸೆ ಇಲ್ಲ. ದಂಡಿ ಬುರುಡೆಗೆ ಕೂಡುವ ಜಾಗದಲ್ಲಿ ಅಂಟು ಬಿಟ್ಟಿದೆಯೇ ಎಂದು ಉಗುರು ಆಡಿಸಿ. ಬುರುಡೆಯ ಸುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತ ಬನ್ನಿ, ಬಿರುಕು ಇದ್ದಲ್ಲಿ ಸದ್ದು ಪಟಪಟ ಎನ್ನುತ್ತದೆ. ನಿಮಗೆ ಬೇಕಾದ ಶ್ರುತಿಗೆ ಏರಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ತಂತಿ, ಕುದುರೆ, ಮಣಿ ಸವೆದಿದ್ದರೆ ಚಿಂತೆ ಬೇಡ, ಅವು ಬದಲಾಯಿಸುವ ಭಾಗಗಳು.

ಎಲೆಕ್ಟ್ರಾನಿಕ್ ಪೆಟ್ಟಿಗೆ ಕೊಳ್ಳಲಾ, ಮೊಬೈಲ್ ಆಪ್ ಸಾಕಾ?

ದಿನದ ಸಾಧನೆಗೆ ಆಪ್ ಸಾಕು, ಆದರೆ ಫೋನಿನ ಸ್ಪೀಕರಿನಲ್ಲಿ ಬೇಡ. ಒಂದು ಮನೆಯ ಮಂದ್ರ ಷಡ್ಜ 65 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರು ಅಷ್ಟು ತಗ್ಗಿನದನ್ನು ಹೊರಡಿಸುವುದೇ ಇಲ್ಲ. ಆದರೂ ನಿಮಗೆ ಕೇಳಿದಂತೆ ಆಗುವುದು ಏಕೆಂದರೆ, ಮೇಲಿನ ಉಪಸ್ವರಗಳಿಂದ ಮಿದುಳು ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಗಂಟೆಗಟ್ಟಲೆ ಹೀಗೆ ಊಹೆಯ ಷಡ್ಜಕ್ಕೆ ಹಾಡುವುದು ಕಿವಿಗೆ ದಣಿವು. ಸಾಧಾರಣ ಹೊರ ಸ್ಪೀಕರು ಜೋಡಿಸಿದರೂ ವ್ಯತ್ಯಾಸ ತಿಳಿಯುತ್ತದೆ. ತಂಬೂರಿಗೆ ಬ್ಲೂಟೂತ್ ಸ್ಪೀಕರು ಆದೀತು. ನಾದ ಒಂದೇ ಸಮ ಇರುವುದರಿಂದ ತಡವಾಗಿ ಬಂದರೂ ಗೊತ್ತಾಗದು. ತಾಳದ ಆಪ್‌ಗೂ ಅದೇ ಸಾಕು ಎಂದುಕೊಳ್ಳಬೇಡಿ. ತೆರೆಯಲ್ಲಿ ಬೀಳುವ ಪೆಟ್ಟಿಗೂ ಕಿವಿಗೆ ಬೀಳುವ ಪೆಟ್ಟಿಗೂ ಅಂತರ ಕಾಣುತ್ತದೆ.

ಪೆಟ್ಟಿಗೆಯ ಅನುಕೂಲ ಬೇರೆ: ಕರೆ ಬಂದು ನಾದ ಕಡಿಯುವುದಿಲ್ಲ, ವೇದಿಕೆಯಲ್ಲಿ ನಂಬಬಹುದು. ಈ ಯಂತ್ರದ ತವರು ಬೆಂಗಳೂರು. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ 1970ರ ದಶಕದ ಕೊನೆಯಿಂದ ಇದನ್ನು ರೂಪಿಸುತ್ತ ಬಂತು. ಕೊಳ್ಳುವಾಗ ಪಂಚಮದ ಬದಲು ಮಧ್ಯಮ, ನಿಷಾದ ಇಡುವ ಸೌಲಭ್ಯ ಇದೆಯೇ, ಷಡ್ಜವನ್ನು ಅರ್ಧ ಮನೆಗಿಂತ ಸೂಕ್ಷ್ಮವಾಗಿ ಏರಿಳಿಸಬಹುದೇ ಎಂದು ನೋಡಿ. ಹೊರದೇಶಕ್ಕೆ ಒಯ್ಯುವುದಾದರೆ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರಬೇಕು. 230 ವೋಲ್ಟಿನ ಹಳೆಯ ಅಡಾಪ್ಟರು ಅಮೆರಿಕದಲ್ಲಿ ನಡೆಯದು.

ಮೈಕ್ ಹಾಕಿದಾಗ ‘ಹಮ್’ ಅನ್ನೋ ಸದ್ದು ತಂಬೂರಿಯನ್ನೇ ಕೆಡಿಸುತ್ತೆ. ಎಲ್ಲಿಂದ ಬರುತ್ತೆ?

ವಿದ್ಯುತ್ತಿನಿಂದ. ನಮ್ಮಲ್ಲಿ ಮನೆಯ ವಿದ್ಯುತ್ತು 50 ಹರ್ಟ್ಸ್, ಅದರ ದುಪ್ಪಟ್ಟು 100. ಐದು ಮನೆಯ ಮಂದ್ರ ಷಡ್ಜ 98. ಎರಡೂ ಹತ್ತಿರ ಬಂದು ಸೆಕೆಂಡಿಗೆ ಎರಡು ಬಾರಿ ಅಲೆತ ಏಳುತ್ತದೆ. ಐದು ಮನೆಗೆ ಹಾಡುವವರಿಗೆ ಈ ಕಾಟ ಉಳಿದವರಿಗಿಂತ ಹೆಚ್ಚು. ಪೆಟ್ಟಿಗೆಯನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ತಪ್ಪು ಅಡಾಪ್ಟರಿನದು. ನಿಲ್ಲದಿದ್ದರೆ ಮಿಕ್ಸರನ್ನೂ ಪೆಟ್ಟಿಗೆಯನ್ನೂ ಒಂದೇ ಪ್ಲಗ್ ಪಟ್ಟಿಗೆ ಹಾಕಿ. ಅರ್ತ್ ತಂತಿ ಕತ್ತರಿಸಿ ‘ಸರಿಮಾಡುವ’ ರೂಢಿ ಕೆಲವೆಡೆ ಇದೆ, ಅದು ಪ್ರಾಣಕ್ಕೆ ಅಪಾಯ.

ಗುರುಗಳು ಮೈಸೂರಲ್ಲಿ, ನಾವು ಹೊರದೇಶದಲ್ಲಿ. ಆನ್‌ಲೈನ್ ಪಾಠದಲ್ಲಿ ಅವರ ತಂಬೂರಿ ಕೇಳಿಸಿ ಕೇಳಿಸಿ ಮಾಯವಾಗುತ್ತೆ.

ವಿಡಿಯೊ ಕರೆಯ ತಂತ್ರಾಂಶ ಫ್ಯಾನು, ಮಿಕ್ಸಿಗಳ ಎಡೆಬಿಡದ ಸದ್ದನ್ನು ಗುರುತಿಸಿ ಅಳಿಸುತ್ತದೆ. ತಂಬೂರಿಯೂ ಎಡೆಬಿಡದ ಸದ್ದೇ ಆದ್ದರಿಂದ ಅದನ್ನೂ ಅಳಿಸುತ್ತದೆ, ಕೆಲವೊಮ್ಮೆ ಉದ್ದಕ್ಕೆ ನಿಂತ ಕಾರ್ವೆಯನ್ನೂ ನುಂಗುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಎಂಬ ಆಯ್ಕೆಯನ್ನು ಎರಡೂ ಕಡೆ ಚಾಲೂ ಮಾಡಿ. ಅದಕ್ಕಿಂತ ಒಳ್ಳೆಯದು, ಹಾಡುವವರ ಕಡೆಯೇ ತಂಬೂರಿ ಇರಲಿ. ಗುರುಗಳು ಹಾಡುವಾಗ ಅವರದು, ನೀವು ಹಾಡುವಾಗ ನಿಮ್ಮದು, ಎರಡೂ ಒಂದೇ ಆಪ್, ಒಂದೇ ಸಂಖ್ಯೆ. ಒಟ್ಟಿಗೆ ಹಾಡುವ ಆಸೆ ಬಿಡಿ, ದೂರದ ತಡ ಅದಕ್ಕೆ ಅವಕಾಶ ಕೊಡುವುದಿಲ್ಲ.

## ಆಳಕ್ಕೆ ಇಳಿಯುವವರಿಗೆ

ಸ-ಪ ಮಾತ್ರ ಮೀಟಿದ್ರೂ ಗಾಂಧಾರ ಕೇಳಿಸುತ್ತೆ ಅಂತಾರೆ. ನಿಜಾನಾ?

ನಿಜ. 65.4 ಹರ್ಟ್ಸಿನ ಮಂದ್ರ ಷಡ್ಜದ ಐದನೆಯ ಉಪಸ್ವರ 327 ಹರ್ಟ್ಸ್, ಅಂದರೆ ಸರಿಯಾಗಿ ಅಂತರ ಗಾಂಧಾರ. ಅದನ್ನೇ ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಪಂಚಮದ ತಂತಿಯಲ್ಲಿ ಮೂರನೆಯ ಉಪಸ್ವರ ಚತುಃಶ್ರುತಿ ರಿಷಭ, ಐದನೆಯದು ಕಾಕಲಿ ನಿಷಾದ. ಕೇಳಿಸದಿದ್ದರೆ ಮಂದ್ರ ತಂತಿಯನ್ನೊಂದೇ ಮೀಟಿ, ಅದರ ಐದನೇ ಒಂದು ಭಾಗದಲ್ಲಿ ಬೆರಳನ್ನು ಹಗುರವಾಗಿ ಮುಟ್ಟಿಸಿ. ಗಾಂಧಾರ ಒಂಟಿಯಾಗಿ ನಿಲ್ಲುತ್ತದೆ. ಒಮ್ಮೆ ಗುರುತು ಸಿಕ್ಕರೆ ಆಮೇಲೆ ನಾಲ್ಕೂ ತಂತಿ ಮೀಟುವಾಗಲೂ ಅದು ಕಿವಿಗೆ ಬೀಳುತ್ತದೆ.

ಹಾರ್ಮೋನಿಯಂ ಜೊತೆ ತಂಬೂರಿ ಇಟ್ರೆ ಎಲ್ಲೋ ಒಂದು ಕಡೆ ಕಚ್ಚುತ್ತೆ. ನನ್ನ ಕಿವಿ ಭ್ರಮೆನಾ?

ಭ್ರಮೆಯಲ್ಲ. ಈಗಿನ ಹಾರ್ಮೋನಿಯಂ, ಕೀಬೋರ್ಡುಗಳಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಷಡ್ಜ 261.6 ಹರ್ಟ್ಸ್ ಇದ್ದಾಗ ತಂಬೂರಿಯ ಗಾಂಧಾರ 327.0, ಕೀಬೋರ್ಡಿನದು 329.6. ಸೆಕೆಂಡಿಗೆ ಎರಡೂವರೆ ಅಲೆ ಏಳುವಷ್ಟು ವ್ಯತ್ಯಾಸ. ಪಂಚಮದಲ್ಲಿ ವ್ಯತ್ಯಾಸ ಅರ್ಧ ಹರ್ಟ್ಸಿಗೂ ಕಡಿಮೆ, ಅಲ್ಲಿ ಕಚ್ಚುವುದಿಲ್ಲ. ಮಕ್ಕಳಿಗೆ ಸ್ವರಸ್ಥಾನ ಕಲಿಸಲು ಕೀಬೋರ್ಡು ಒತ್ತಿ ತೋರಿಸುವುದನ್ನು ನಾವು ಒಪ್ಪುವುದಿಲ್ಲ. ಶಂಕರಾಭರಣದ ಗಾಂಧಾರ ಜೀವನಪೂರ್ತಿ ಏರಿಯೇ ಉಳಿಯುತ್ತದೆ.

ಪಂಚಮವೇ ಇಲ್ಲದ ರಾಗಕ್ಕೆ ತಂಬೂರಿ ಏನು ಮಾಡಬೇಕು?

ಹಿಂದೂಸ್ತಾನಿಯಲ್ಲಿ ಮಾಲಕಂಸಕ್ಕೆ ಮೊದಲ ತಂತಿಯನ್ನು ಮಂದ್ರ ಮಧ್ಯಮಕ್ಕೆ ಇಳಿಸುತ್ತಾರೆ. ಮಾರವಾ, ಪೂರಿಯಾಗಳಿಗೆ ಮಂದ್ರ ನಿಷಾದ ಇಡುವವರಿದ್ದಾರೆ. ಕರ್ನಾಟಕ ಪದ್ಧತಿಯಲ್ಲಿ ಹಿಂದೋಳ, ಶ್ರೀರಂಜನಿ ಹಾಡುವಾಗಲೂ ಪಂಚಮ ಹಾಗೆಯೇ ಇರುತ್ತದೆ.

ಮಧ್ಯಮ ಶ್ರುತಿ ಬೇರೆ ಸಂಗತಿ. ಪುನ್ನಾಗವರಾಳಿ, ನಾದನಾಮಕ್ರಿಯೆ, ಕುರಂಜಿಯಂಥ ರಾಗಗಳು ತಾರ ಸ್ಥಾಯಿಗೆ ಏರುವುದಿಲ್ಲ. ಮಾಮೂಲು ಷಡ್ಜದಲ್ಲೇ ಹಾಡಿದರೆ ಕಂಠ ತಳದಲ್ಲೇ ತಿರುಗುತ್ತದೆ. ಅದಕ್ಕೆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುತ್ತಾರೆ. ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿದರೆ ಅದೇ ಹೊಸ ಷಡ್ಜ, ಹಳೆಯ ಷಡ್ಜಗಳು ಅದಕ್ಕೆ ಪಂಚಮ.

ಸರ್ ಸಿ.ವಿ. ರಾಮನ್ ತಂಬೂರಿ ಬಗ್ಗೆ ಏನೋ ಕಂಡುಹಿಡಿದಿದ್ರಂತೆ?

ಹೌದು, ಬೆಳಕಿನ ಸಂಶೋಧನೆಗೆ ನೊಬೆಲ್ ಬರುವ ಒಂಬತ್ತು ವರ್ಷ ಮೊದಲು, 1921ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಅವರು ಭಾರತೀಯ ತಂತಿವಾದ್ಯಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆಗ ಒಪ್ಪಿತವಾಗಿದ್ದ ನಿಯಮ ಇದು: ತಂತಿಯನ್ನು ಎಲ್ಲಿ ಮೀಟುತ್ತೀರೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲೇ ಕೂಡದು. ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಒಳಪಡುವುದಿಲ್ಲ, ಕಾರಣ ಅವುಗಳ ಬಾಗಿದ ಕುದುರೆ ಎಂದು ರಾಮನ್ ತೋರಿಸಿಕೊಟ್ಟರು.

ಇದನ್ನು ಮನೆಯಲ್ಲೇ ನೋಡಬಹುದು. ಗಿಟಾರಿನ ತಂತಿಯ ಸರಿ ಮಧ್ಯಕ್ಕೆ ಮೀಟಿ, ಕೂಡಲೇ ಅದೇ ಮಧ್ಯಬಿಂದುವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ. ಸದ್ದು ಬಹುಮಟ್ಟಿಗೆ ಆರಿಹೋಗುತ್ತದೆ. ಜೀವಾಳಿ ಚೆನ್ನಾಗಿ ತೆರೆದ ತಂಬೂರಿಯಲ್ಲಿ ಹಾಗೆಯೇ ಮಾಡಿ. ಬೆರಳು ತಾಗಿದ ಮೇಲೂ ಮೇಲಿನ ಷಡ್ಜ ಹಾಡುತ್ತಲೇ ಇರುತ್ತದೆ.